ಓದುಗರ ಪ್ರಶ್ನೆ: ಲ್ಯಾಪ್‌ಟಾಪ್ ಕೊಳ್ಳುವಾಗ ಪರದೆಯ ಬಾಳಿಕೆಯನ್ನು ಅಳೆಯುವುದು ಹೇಗೆ?

ಕಾಲೇಜುಗಳು ಆರಂಭವಾಗುವ ಮಳೆಗಾಲದಲ್ಲಿ ಈ ಅಂಕಣಕ್ಕೆ ಲ್ಯಾಪ್‌ಟಾಪ್ ಖರೀದಿಯ ಪ್ರಶ್ನೆಗಳೇ ಹೆಚ್ಚಾಗಿ ಬರುತ್ತವೆ. ಈ ಸಲ ಶಿವಮೊಗ್ಗ ಜಿಲ್ಲೆಯ ಹಲವು ಓದುಗರು ಪ್ರೊಸೆಸರ್, ಮೆಮೊರಿಗಳ ಗೊಡವೆಗೆ ಹೋಗದೆ ಪರದೆಯ ಬಾಳಿಕೆಯನ್ನೇ ಕೇಳಿದ್ದಾರೆ. ಕೆಟ್ಟರೆ ಅತಿ ಹೆಚ್ಚು ಖರ್ಚು ತರುವ ಭಾಗಗಳಲ್ಲಿ ಪರದೆಯೂ ಒಂದಾದ್ದರಿಂದ ಆ ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಟ್ಯಾಲಿ ತೆರೆದೇ ಇರುತ್ತದೆ. ಶಿವಮೊಗ್ಗದ ನೆಹರು ರಸ್ತೆಯ ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ತೋರಿಸಿದರು. ಒಂದರದು ಒಎಲ್‌ಇಡಿ ಪರದೆ, ಇನ್ನೊಂದರದು ಐಪಿಎಸ್. ಬೆಲೆಯಲ್ಲಿ ಅಂಥ ಅಂತರವಿಲ್ಲ. ಒಎಲ್‌ಇಡಿ ನೋಡಲು ಬಲು ಚೆನ್ನಾಗಿದೆ, ಆದರೆ ನಾಲ್ಕು ವರ್ಷಕ್ಕೆಲ್ಲ ಹಾಳಾಗುತ್ತದೆ ಎಂದು ನನ್ನ ಭಾವಮೈದುನ ಹೇಳುತ್ತಾನೆ. ಒಮ್ಮೆ ಕೊಂಡರೆ ಏಳೆಂಟು ವರ್ಷ ನಡೆಯಬೇಕು. ಯಾವುದನ್ನು ತೆಗೆದುಕೊಳ್ಳಲಿ? ಇದೇ ವರ್ಷ ಮಗನೂ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಸೇರಿದ್ದಾನೆ. ಅವನಿಗೂ ಅದೇ ಮಾದರಿ ಆಗಬಹುದೇ?
(ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ನಿಮಗೆ ಐಪಿಎಸ್ ಕೊಳ್ಳಿ. ನಾಲ್ಕು ವರ್ಷ ಎಂಬ ಗಡುವನ್ನು ನಿಮ್ಮ ಭಾವಮೈದುನರು ಎಲ್ಲಿಂದ ತಂದರೋ ತಿಳಿಯದು, ಆದರೆ ನೀವು ಮಾಡುವ ಕೆಲಸಕ್ಕೆ ಅವರ ತೀರ್ಮಾನ ಒಪ್ಪುತ್ತದೆ.

ಕಾರಣವಿರುವುದು ಎರಡೂ ಬಗೆಯ ಪರದೆಗಳು ಮುಪ್ಪಾಗುವ ರೀತಿಯಲ್ಲಿ. ಐಪಿಎಸ್ ಎಂಬುದು ಎಲ್‌ಸಿಡಿಯ ಒಂದು ಬಗೆ. ಜಪಾನಿನ ಹಿಟಾಚಿ ಸಂಸ್ಥೆ ಅದನ್ನು 1996ರಲ್ಲಿ ಮಾರುಕಟ್ಟೆಗೆ ತಂದಿತು. ಎಲ್‌ಸಿಡಿಯಲ್ಲಿ ಚಿತ್ರದ ಚುಕ್ಕೆಗಳು ತಾವಾಗಿ ಬೆಳಗುವುದಿಲ್ಲ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಪರದೆಯ ಕೆಳ ಅಂಚಿನುದ್ದಕ್ಕೂ ಸಣ್ಣ ಎಲ್‌ಇಡಿ ದೀಪಗಳ ಒಂದು ಪಟ್ಟಿ ಇರುತ್ತದೆ. ಅದರ ಬೆಳಕು ಪ್ಲಾಸ್ಟಿಕ್ ಹಾಳೆಗಳ ಮೂಲಕ ಇಡೀ ಪರದೆಗೆ ಹರಡುತ್ತದೆ, ಚುಕ್ಕೆಗಳು ಆ ಬೆಳಕನ್ನು ತಡೆಯುವ ಇಲ್ಲವೇ ಬಿಡುವ ಕೆಲಸವನ್ನಷ್ಟೇ ಮಾಡುತ್ತವೆ. ಹೀಗಾಗಿ ಕಾಲಕ್ರಮೇಣ ಸವೆಯುವುದು ಮುಖ್ಯವಾಗಿ ಹಿಂಬದಿಯ ದೀಪ, ಮತ್ತು ಆ ಸವಕಳಿ ಪರದೆಯ ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ ಸಮನಾಗಿ ಹಂಚಿಹೋಗುತ್ತದೆ. ಲ್ಯಾಪ್‌ಟಾಪ್ ಪ್ಯಾನೆಲ್‌ಗಳ ತಾಂತ್ರಿಕ ವಿವರ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ 15,000 ಗಂಟೆ ಎಂಬ ಅಂಕಿಯ ಅರ್ಥ, ಅಷ್ಟು ಗಂಟೆಗಳಾದ ಮೇಲೆ ಬೆಳಕು ಮೊದಲಿನ ಅರ್ಧಕ್ಕೆ ಇಳಿಯಬಹುದು ಎಂದೇ ಹೊರತು ಪರದೆ ಆರಿಹೋಗುತ್ತದೆ ಎಂದಲ್ಲ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ 2,400 ಗಂಟೆಗಳಾದವು. ಆ ಲೆಕ್ಕದಲ್ಲಿ ಆರು ವರ್ಷ ದಾಟಿದ ಮೇಲೆ ಪರದೆ ಗಮನಕ್ಕೆ ಬರುವಷ್ಟು ಮಂಕಾದೀತು, ಅದೂ ಪೂರ್ತಿ ಬೆಳಕಿನಲ್ಲೇ ಇಟ್ಟು ಬಳಸಿದ್ದರೆ. ಮನೆ ಅಥವಾ ಕಚೇರಿಯೊಳಗೆ ಯಾರೂ ಪೂರ್ತಿ ಬೆಳಕಿನಲ್ಲಿ ಕೆಲಸ ಮಾಡುವುದಿಲ್ಲ. ಆದ್ದರಿಂದ ನೀವು ಬಯಸುವ ಏಳೆಂಟು ವರ್ಷ ದುರಾಸೆಯೇನಲ್ಲ.

ಒಎಲ್‌ಇಡಿಯಲ್ಲಿ ಹಿಂಬದಿ ದೀಪವೇ ಇಲ್ಲ. 1987ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಅವರು ಪ್ರಕಟಿಸಿದ ತತ್ವದ ಮೇಲೆ ಬೆಳೆದುಬಂದ ಈ ತಂತ್ರಜ್ಞಾನದಲ್ಲಿ ಒಂದೊಂದು ಚುಕ್ಕೆಯಲ್ಲೂ ಸಾವಯವ ಸಂಯುಕ್ತಗಳ ತೆಳುವಾದ ಪದರಗಳಿದ್ದು, ವಿದ್ಯುತ್ ಹರಿದಾಗ ಅವೇ ಬೆಳಗುತ್ತವೆ. ಕಪ್ಪು ಬೇಕಾದಲ್ಲಿ ಚುಕ್ಕೆ ಪೂರ್ತಿ ಆರುವುದರಿಂದಲೇ ಆ ಪರದೆ ಅಷ್ಟು ಕಳೆಕಟ್ಟುವುದು. ಆದರೆ ಬೆಳಗಿದಷ್ಟೂ ಆ ಪದರಗಳು ಸವೆಯುತ್ತವೆ, ಅದರಲ್ಲೂ ನೀಲಿ ಬೆಳಕು ಕೊಡುವವು ಎಲ್ಲಕ್ಕಿಂತ ಬೇಗ. ಹೆಚ್ಚು ಬೆಳಗಿದ ಚುಕ್ಕೆ ಹೆಚ್ಚು ಸವೆದು, ಪಕ್ಕದ ಚುಕ್ಕೆ ಕಡಿಮೆ ಸವೆದಾಗ ಇವೆರಡರ ಅಂತರ ಕಣ್ಣಿಗೆ ಕಾಣತೊಡಗುತ್ತದೆ. ಬರ್ನ್-ಇನ್ ಎಂದು ಕರೆಯುವುದು ಇದನ್ನೇ. ಮೊಬೈಲ್ ಅಂಗಡಿಯಲ್ಲಿ ಪ್ರದರ್ಶನಕ್ಕೆಂದು ಸದಾ ಉರಿಯುತ್ತಿರುವ ಹಳೆಯ ಫೋನ್ ಸಿಕ್ಕರೆ ಬೂದು ಬಣ್ಣದ ಚಿತ್ರವೊಂದನ್ನು ತೆರೆದು ನೋಡಿ. ಕಂಪನಿಯ ಜಾಹೀರಾತಿನ ಅಕ್ಷರಗಳು ಅದರ ಹಿಂದೆ ಮಸುಕಾಗಿ ಕಾಣಿಸಬಹುದು.

ಈಗ ನಿಮ್ಮ ಪರದೆಯನ್ನು ಯೋಚಿಸಿ. ಟ್ಯಾಲಿಯ ಮೇಲಿನ ಪಟ್ಟಿ, ಬಲಬದಿಯ ಗುಂಡಿಗಳ ಸಾಲು, ಕೆಳಗಿನ ವಿಂಡೋಸ್ ಟಾಸ್ಕ್‌ಬಾರ್, ಇವು ದಿನಕ್ಕೆ ಎಂಟು ಗಂಟೆ ಕದಲದೆ ನಿಂತಿರುತ್ತವೆ, ಹಿನ್ನೆಲೆಯೂ ತಿಳಿಬಣ್ಣದ್ದು. ಒಎಲ್‌ಇಡಿಗೆ ಇದಕ್ಕಿಂತ ಪ್ರತಿಕೂಲವಾದ ಬಳಕೆಯನ್ನು ಹುಡುಕುವುದು ಕಷ್ಟ. ಜೊತೆಗೆ ಬಿಳಿಯ ಪುಟ ತೋರಿಸುವಾಗ ಒಎಲ್‌ಇಡಿ ಹೆಚ್ಚು ವಿದ್ಯುತ್ ಬೇಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಿಮ್ಮ ಕಡೆ ಬ್ಯಾಟರಿಯ ಲೆಕ್ಕವೂ ಸಣ್ಣದಲ್ಲ.

ಮಗನ ವಿಷಯ ಬೇರೆ. ವಿದ್ಯಾರ್ಥಿಯ ಪರದೆಯ ಮೇಲೆ ಚಿತ್ರಗಳು ಬದಲಾಗುತ್ತಲೇ ಇರುತ್ತವೆ: ಸ್ವಲ್ಪ ಹೊತ್ತು ಕೋಡ್, ಸ್ವಲ್ಪ ಹೊತ್ತು ವಿಡಿಯೊ, ರಾತ್ರಿ ಸಿನಿಮಾ. ನಾಲ್ಕು ವರ್ಷದ ವ್ಯಾಸಂಗ ಮುಗಿಯುವಷ್ಟರಲ್ಲಿ ಯಂತ್ರವೇ ಹಳತಾಗಿರುತ್ತದೆ. ಅವನು ಒಎಲ್‌ಇಡಿ ಕೊಳ್ಳಲಿ, ಆದರೆ ಕೆಲವು ಅಭ್ಯಾಸಗಳನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಲಿ. ಟಾಸ್ಕ್‌ಬಾರ್ ತಾನಾಗಿ ಮರೆಯಾಗುವಂತೆ ಇಡಬೇಕು, ಕಪ್ಪು ಹಿನ್ನೆಲೆಯ ಥೀಮ್ ಬಳಸಬೇಕು, ಎದ್ದು ಹೋದಾಗ ಎರಡು ಮೂರು ನಿಮಿಷದಲ್ಲಿ ಪರದೆ ಆರುವಂತೆ ಹೊಂದಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು ಬೆಳಕಿನ ಪ್ರಮಾಣ. ಒಎಲ್‌ಇಡಿಯ ಬೆಳಕನ್ನು ಅರ್ಧಕ್ಕೆ ಇಳಿಸಿದರೆ ಆಯಸ್ಸು ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಆದರೆ ಬೆಳಕು ತಗ್ಗಿಸಿದಾಗ ಕೆಲವು ಒಎಲ್‌ಇಡಿ ಪರದೆಗಳು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮಿಣುಕುತ್ತವೆ ಮತ್ತು ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಅಂಗಡಿಯಲ್ಲಿ ಬೆಳಕನ್ನು ಪೂರ್ತಿ ತಗ್ಗಿಸಿ, ಪರದೆಯ ಮುಂದೆ ಪೆನ್ನನ್ನು ಬೇಗಬೇಗನೆ ಆಡಿಸಿ ನೋಡಿದರೆ, ಅದು ಒಂದೇ ಮಸುಕಾಗಿ ಕಾಣದೆ ಬಿಡಿಬಿಡಿಯಾದ ಹಲವು ಪೆನ್ನುಗಳಂತೆ ಕಂಡೀತು. ಹಾಗೆ ಕಂಡು, ಕಣ್ಣಿಗೂ ಹಿತವೆನಿಸದಿದ್ದರೆ ಬಿಟ್ಟುಬಿಡಿ. 2024ರಿಂದ ಕೆಲವು ದುಬಾರಿ ಯಂತ್ರಗಳಲ್ಲಿ ಒಂದರ ಮೇಲೊಂದು ಎರಡು ಬೆಳಗುವ ಪದರಗಳಿರುವ ಟ್ಯಾಂಡೆಮ್ ಒಎಲ್‌ಇಡಿ ಬಂದಿದೆ. ಹೊರೆ ಎರಡು ಪದರಗಳಿಗೆ ಹಂಚಿಹೋಗುವುದರಿಂದ ಅದರ ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು.

ಐಪಿಎಸ್ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಬೇಡಿ. ನಿಟ್ಸ್ ಎಂಬುದು ಪರದೆಯ ಬೆಳಕಿನ ಅಳತೆ, ಎನ್‌ಟಿಎಸ್‌ಸಿ ಎಂಬುದು ಅದು ತೋರಿಸಬಲ್ಲ ಬಣ್ಣಗಳ ವ್ಯಾಪ್ತಿಯ ಅಳತೆ. ವಿವರಪಟ್ಟಿಯಲ್ಲಿ 250 ನಿಟ್ಸ್, 45 ಶೇಕಡಾ ಎನ್‌ಟಿಎಸ್‌ಸಿ ಎಂದಿದ್ದರೆ ಅದು ಅಗ್ಗದ ಪ್ಯಾನೆಲ್. ಹೊಸದರಲ್ಲೇ ಮಂಕಾಗಿರುವ ಪರದೆ ಆರು ವರ್ಷದ ಮೇಲೆ ಇನ್ನೂ ಮಂಕಾಗಿರುತ್ತದೆ. 300 ನಿಟ್ಸ್ ಕನಿಷ್ಠ, 400 ಸಿಕ್ಕರೆ ಒಳ್ಳೆಯದು. ಹೆಚ್ಚು ಬೆಳಕಿನ ಪ್ಯಾನೆಲ್ಲನ್ನು ಕಡಿಮೆ ಬೆಳಕಿನಲ್ಲಿ ನಡೆಸುವುದೇ ಬಾಳಿಕೆಯ ದಾರಿ. ಮಿನಿ ಎಲ್‌ಇಡಿ ಎಂದು ಮಾರುವುದೂ ಎಲ್‌ಸಿಡಿಯೇ, ಹಿಂಬದಿಯಲ್ಲಿ ಅಂಚಿನ ಪಟ್ಟಿಗೆ ಬದಲು ಸಾವಿರಾರು ಸಣ್ಣ ದೀಪಗಳಿರುತ್ತವೆ. ಬರ್ನ್-ಇನ್ ಭಯ ಅದಕ್ಕಿಲ್ಲ, ಲೆಕ್ಕಪತ್ರದ ಕೆಲಸಕ್ಕೆ ಅಷ್ಟು ಹಣ ಸುರಿಯುವ ಅಗತ್ಯವೂ ಇಲ್ಲ.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳಬೇಕು. ದುರಸ್ತಿಗೆ ಬರುವ ಪರದೆಗಳಲ್ಲಿ ಪ್ಯಾನೆಲ್ ತಾನಾಗಿ ಮುಪ್ಪಾಗಿ ಬಂದವು ವಿರಳ. ಬರುವುದೆಲ್ಲ ಕೀಲು ಕಿತ್ತುಹೋಗಿ, ಕೇಬಲ್ ಸವೆದು, ಗಾಜು ಒಡೆದು. ಲ್ಯಾಪ್‌ಟಾಪಿನ ಕೀಲನ್ನು ಹಿಡಿದಿರುವ ತಿರುಪುಗಳು ಅಗ್ಗದ ಮಾದರಿಗಳಲ್ಲಿ ಪ್ಲಾಸ್ಟಿಕ್ ಕವಚದೊಳಗೆ ಹುದುಗಿಸಿದ ಪುಟ್ಟ ಹಿತ್ತಾಳೆ ಬಿಲ್ಲೆಗಳಿಗೆ ಕಚ್ಚಿಕೊಂಡಿರುತ್ತವೆ. ಕೀಲು ಬಿಗಿಯಾದಂತೆಲ್ಲ, ಮುಚ್ಚಳ ತೆರೆಯುವಾಗ ಆ ಬಿಲ್ಲೆಗಳು ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಮೇಲೇಳುತ್ತವೆ. ಮೊದಲು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು, ತೆರೆಯುವಾಗ ಸಣ್ಣ ಟಕ್ ಸದ್ದು, ಆಮೇಲೆ ಒಂದು ದಿನ ಪರದೆಯ ಚೌಕಟ್ಟೇ ಬಾಯಿ ಬಿಡುತ್ತದೆ. ಚಿತ್ರದ ಸಂಕೇತ ಒಯ್ಯುವ ತೆಳು ಕೇಬಲ್ ಇದೇ ಕೀಲಿನ ಪಕ್ಕದಲ್ಲಿ ಹಾದುಹೋಗುವುದರಿಂದ ಅದಕ್ಕೂ ಪೆಟ್ಟು ಬೀಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಬಣ್ಣ ನೋಡಿ ಮುಗಿಸಬೇಡಿ. ಮುಚ್ಚಳವನ್ನು ಎರಡು ಮೂಲೆಗಳಲ್ಲಿ ಹಿಡಿದು ತುಸುವೇ ತಿರುಚಿ. ಬಾಳೆ ಎಲೆಯಂತೆ ಬಳುಕಿದರೆ ಅದು ಏಳು ವರ್ಷದ ಯಂತ್ರವಲ್ಲ. ಕೊಂಡ ಮೇಲೆ ಮನೆಯವರೆಲ್ಲರಿಗೂ ಒಂದು ಪದ್ಧತಿ ಮಾಡಿ: ಮುಚ್ಚಳವನ್ನು ಮೂಲೆ ಹಿಡಿದು ಎತ್ತಬಾರದು, ಮೇಲಂಚಿನ ನಡುವೆ ಹಿಡಿದು ತೆರೆಯಬೇಕು.

ಪ್ರಶ್ನೆ: ಆಗುಂಬೆ ಸಮೀಪದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಆಷಾಢದಲ್ಲಿ ನಮ್ಮಲ್ಲಿ ಗೋಡೆ, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೂಸು ಹಿಡಿಯುತ್ತದೆ. ಈ ಥಂಡಿಗೆ ಎಲ್‌ಸಿಡಿ ಒಳ್ಳೆಯದೋ ಒಎಲ್‌ಇಡಿಯೋ? ಬಳಸದ ದಿನಗಳಲ್ಲಿ ಲ್ಯಾಪ್‌ಟಾಪನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೆಚ್ಚಗಿರುತ್ತದೆ ಎಂದು ಅತ್ತೆಯವರು ಹೇಳುತ್ತಾರೆ.
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಮೊದಲು ಅಟ್ಟದಿಂದ ಇಳಿಸಿ. ಒಲೆಯ ಮೇಲಿನ ಅಟ್ಟ ಅಡಿಕೆ, ಬೀಜ, ಉಪ್ಪಿನ ಭರಣಿಗಳಿಗೆ ಸರಿ. ಲ್ಯಾಪ್‌ಟಾಪಿನ ಫ್ಯಾನಿನೊಳಗೆ ಹೊಗೆಯ ಜಿಡ್ಡು ಕೂತರೆ ಧೂಳೆಲ್ಲ ಅದಕ್ಕೆ ಅಂಟುತ್ತದೆ, ಶಾಖ ಬ್ಯಾಟರಿಯನ್ನು ಬೇಗ ಕೆಡಿಸುತ್ತದೆ.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ನಿಮ್ಮ ಆತಂಕ ಸಹಜವೇ. ಒಎಲ್‌ಇಡಿಯ ಸಾವಯವ ಪದರಗಳಿಗೆ ನೀರು ಮತ್ತು ಆಮ್ಲಜನಕ ಎರಡೂ ಶತ್ರುಗಳು. ಆದ್ದರಿಂದಲೇ ಕಾರ್ಖಾನೆಯಲ್ಲಿ ಅವನ್ನು ಅತ್ಯಂತ ಭದ್ರವಾಗಿ ಮುಚ್ಚಿರುತ್ತಾರೆ. ಒಂದು ಚದರ ಮೀಟರಿನಲ್ಲಿ ಒಂದು ದಿನಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚು ನೀರಾವಿ ನುಸುಳಬಾರದು ಎಂಬುದು ಆ ಮುಚ್ಚುಗೆಗೆ ಇಟ್ಟುಕೊಂಡಿರುವ ಗುರಿ. ಅದು ಸರಿಯಾಗಿರುವವರೆಗೆ ಆಗುಂಬೆಯ ಗಾಳಿ ಒಳಹೋಗದು. ಅಂಚಿಗೆ ಪೆಟ್ಟು ಬಿದ್ದು ಸಣ್ಣ ಬಿರುಕು ಮೂಡಿದರೆ ಮಾತ್ರ ಅಲ್ಲಿಂದ ಕಪ್ಪು ಕಲೆ ಹುಟ್ಟಿ ದಿನದಿಂದ ದಿನಕ್ಕೆ ಹಿಗ್ಗುತ್ತದೆ. ಎಲ್‌ಸಿಡಿಯಲ್ಲಿ ಗಾಜಿನ ಭಾಗ ಭದ್ರ, ಆದರೆ ಅದರ ಹಿಂದಿನ ಬೆಳಕು ಹರಡುವ ಹಾಳೆಗಳ ನಡುವಿನ ಜಾಗ ಗಾಳಿಗೆ ಪೂರ್ತಿ ಮುಚ್ಚಿರುವುದಿಲ್ಲ. ತಿಂಗಳುಗಟ್ಟಲೆ ಥಂಡಿಯಲ್ಲಿ ಮುಚ್ಚಿಟ್ಟರೆ ಅಲ್ಲಿ ಬೂಸಿನ ಎಳೆಗಳು ಕವಲೊಡೆದ ಮಚ್ಚೆಗಳಾಗಿ ಕಾಣಿಸಿಕೊಳ್ಳಬಹುದು, ಒರೆಸಿ ತೆಗೆಯಲು ಬರುವುದಿಲ್ಲ. ಹೀಗಾಗಿ ಥಂಡಿಯ ಮಟ್ಟಿಗೆ ಒಂದನ್ನು ಗೆಲ್ಲಿಸಿ ಇನ್ನೊಂದನ್ನು ಸೋಲಿಸುವುದು ನ್ಯಾಯವಲ್ಲ.

ಲ್ಯಾಪ್‌ಟಾಪಿನ ಕೈಪಿಡಿಗಳಲ್ಲಿ ಬಳಕೆಯ ತೇವಾಂಶದ ಮೇಲಿನ ಮಿತಿ 80 ಅಥವಾ 90 ಶೇಕಡಾ ಎಂದಿರುತ್ತದೆ. ಅದರ ಪಕ್ಕದಲ್ಲೇ, ಹನಿಗಟ್ಟದ ತೇವಾಂಶ ಎಂಬ ಷರತ್ತನ್ನೂ ಸೇರಿಸಿರುತ್ತಾರೆ. ನೀವು ಲಕ್ಷ್ಯ ಕೊಡಬೇಕಾದುದು ಆ ಷರತ್ತಿಗೆ. ಎಸಿ ಹಾಕಿದ ಕಾರಿನಲ್ಲಿ ಶಿವಮೊಗ್ಗದಿಂದ ಬಂದು ಇಳಿದ ಕೂಡಲೇ ತಣ್ಣಗಿನ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದರೆ, ಸುತ್ತಲಿನ ಬೆಚ್ಚನೆಯ ಒದ್ದೆ ಗಾಳಿ ಅದರ ಮೇಲೂ ಒಳಗೂ ಹನಿಗಟ್ಟುತ್ತದೆ. ಚೀಲದಲ್ಲೇ ಮುಚ್ಚಿಟ್ಟು, ಅದು ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ. ಉಳಿದಂತೆ ಥಂಡಿಗೆ ಅತ್ಯುತ್ತಮ ಮದ್ದು ದಿನವೂ ಬಳಸುವುದು. ನಡೆಯುವ ಯಂತ್ರದ ಶಾಖವೇ ಅದನ್ನು ಒಣಗಿಸುತ್ತದೆ. ಬೇಸಿಗೆ ರಜೆಗಿಂತ ಮಳೆಗಾಲದ ರಜೆಯಲ್ಲೇ ಅದನ್ನು ಹೆಚ್ಚು ತೆರೆಯಬೇಕು. ಇಡುವಾಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮರುಬಳಸಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರನ್ನು ಗೋಡೆಯಿಂದಲೇ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು.

ಪ್ರಶ್ನೆ: ಪರದೆಯೊಳಗೆ ಎಳ್ಳಿಗಿಂತ ಸಣ್ಣ ಹುಳುವೊಂದು ಓಡಾಡುತ್ತಿದೆ. ಮೇಲಿನಿಂದ ಒತ್ತಿ ಸಾಯಿಸಬಹುದೇ?
(ಸಾಗರದ ಓದುಗರು)

ಉತ್ತರ: ದಯವಿಟ್ಟು ಒತ್ತಬೇಡಿ. ಒತ್ತಿದರೆ ಹುಳು ಅಲ್ಲೇ ಅಪ್ಪಚ್ಚಿಯಾಗಿ, ಪ್ಯಾನೆಲ್ ಬಿಚ್ಚುವವರೆಗೂ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಮಳೆ ಬಿಟ್ಟ ಸಂಜೆ ದೀಪಕ್ಕೆ ಮುತ್ತುವ ಹುಳುಗಳಲ್ಲಿ ಅತಿ ಸಣ್ಣವು ಚೌಕಟ್ಟಿನ ಸಂದಿನಿಂದ ನುಸುಳಿ, ಹಿಂದಿನ ಉತ್ತರದಲ್ಲಿ ಹೇಳಿದ ಬೆಳಕಿನ ಹಾಳೆಗಳ ನಡುವೆ ಸೇರುತ್ತವೆ. ಹಾಗಾಗಿ ಇದು ಎಲ್‌ಸಿಡಿಯ ಕಾಟ. ಪದರಗಳ ನಡುವೆ ಅಂಥ ಸಂದಿಲ್ಲದ ಒಎಲ್‌ಇಡಿಯಲ್ಲಿ ಹುಳುವಿಗೆ ಜಾಗವಿಲ್ಲ. ಲ್ಯಾಪ್‌ಟಾಪ್ ಆರಿಸಿ, ಕೋಣೆ ಕತ್ತಲು ಮಾಡಿ, ಚೌಕಟ್ಟಿನ ಅಂಚಿನ ಹತ್ತಿರ ಟೇಬಲ್ ದೀಪವೊಂದನ್ನು ಹಚ್ಚಿಡಿ. ಬಂದ ದಾರಿಯಲ್ಲೇ ಹೊರಗಿನ ಬೆಳಕಿಗೆ ಹೋಗುವ ಸಂಭವ ಹೆಚ್ಚು. ಒಳಗೇ ಸತ್ತರೂ ಮೆಲ್ಲಗೆ ತಟ್ಟಿದಾಗ ಕೆಳ ಅಂಚಿಗೆ ಉದುರಬಹುದು. ಕಿಟಕಿ ತೆರೆದು ಸಂಜೆ ಕೆಲಸ ಮಾಡುವವರು ಪರದೆಗಿಂತ ಪ್ರಕಾಶಮಾನವಾದ ದೀಪವನ್ನು ದೂರದಲ್ಲಿ ಉರಿಸುವುದು ಒಳ್ಳೆಯದು.

ಪ್ರಶ್ನೆ: ಎಲ್‌ಸಿಡಿಯೊಳಗೆ ದ್ರವ ಸ್ಫಟಿಕ ಇರುತ್ತದೆ ಎಂದು ಓದಿದ್ದೇನೆ. ದ್ರವ ಎಂದ ಮೇಲೆ ವರ್ಷಗಳು ಕಳೆದಂತೆ ಅದು ಆರಿಹೋಗುವುದಿಲ್ಲವೇ? ಚಳಿಗೆ ಹೆಪ್ಪುಗಟ್ಟುವುದಿಲ್ಲವೇ?
(ಶಂಕರಘಟ್ಟದ ವಿದ್ಯಾರ್ಥಿನಿ)

ಉತ್ತರ: ಆರುವುದಿಲ್ಲ. ಎರಡು ಗಾಜುಗಳ ನಡುವೆ ಕೆಲವೇ ಮೈಕ್ರಾನ್ ಅಂತರದಲ್ಲಿ ಅದನ್ನು ತುಂಬಿ, ಸುತ್ತಲೂ ಅಂಟಿನಿಂದ ಮುಚ್ಚಿರುತ್ತಾರೆ. ಹೊರಬರುವುದು ಗಾಜು ಒಡೆದಾಗ ಮಾತ್ರ. ಬಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ಶಾಯಿ ಚೆಲ್ಲಿದಂತೆ ಹರಡುವ ಕಪ್ಪು ಅದೇ. ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ 1888ರಲ್ಲಿ ಕೊಲೆಸ್ಟೆರಾಲಿನ ಸಂಯುಕ್ತವೊಂದು ಎರಡು ಬೇರೆ ಬೇರೆ ಉಷ್ಣತೆಗಳಲ್ಲಿ ಕರಗುವುದನ್ನು ಗಮನಿಸಿದಾಗ ಈ ಸ್ಥಿತಿ ಮೊದಲು ಬೆಳಕಿಗೆ ಬಂತು. ಅದು ಪೂರ್ತಿ ದ್ರವವೂ ಅಲ್ಲ, ಪೂರ್ತಿ ಸ್ಫಟಿಕವೂ ಅಲ್ಲ. ಬಹಳ ಕಾಲ ಉದ್ದನೆಯ ಅಣುಗಳಷ್ಟೇ ಹೀಗೆ ವರ್ತಿಸುತ್ತವೆ ಎಂದು ತಿಳಿಯಲಾಗಿತ್ತು. ತಟ್ಟೆಯಾಕಾರದ ಅಣುಗಳೂ ಹಾಗೆಯೇ ವರ್ತಿಸಬಲ್ಲವು ಎಂದು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ತೋರಿಸಿಕೊಟ್ಟರು. ಎಲ್‌ಸಿಡಿಯ ಇನ್ನೊಂದು ಬಗೆಯಾದ, ಓರೆಯಾಗಿ ನೋಡಿದರೆ ಬಣ್ಣಗೆಡುವ ಅಗ್ಗದ ಟಿಎನ್ ಪರದೆಗಳ ದೋಷವನ್ನು ತಗ್ಗಿಸುವ ಹಾಳೆಗಳಲ್ಲಿ ಮುಂದೆ ಬಳಕೆಗೆ ಬಂದದ್ದು ಇಂಥ ತಟ್ಟೆಯಾಕಾರದ ಅಣುಗಳೇ. ಭೌತಶಾಸ್ತ್ರ ಓದುವ ನೀವು ಈ ಹೆಸರುಗಳನ್ನು ತಿಳಿದಿರಬೇಕೆಂದು ಸ್ವಲ್ಪ ಆಚೆ ಹೋದೆ.

ಮಲೆನಾಡಿನ ಚಳಿ ಇದಕ್ಕೆ ಲೆಕ್ಕಕ್ಕಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದಾಗಲಷ್ಟೇ ಅಣುಗಳ ಚಲನೆ ನಿಧಾನವಾಗಿ ಚಿತ್ರ ಎಳೆದಂತಾಗುತ್ತದೆ. ಬಿಸಿಲಿಗೆ ಹೆದರಿ. ಏಪ್ರಿಲ್‌ನಲ್ಲಿ ಗಾಜು ಮುಚ್ಚಿದ ಕಾರಿನೊಳಗೆ ಬಿಟ್ಟ ಪರದೆ ಅತಿಯಾಗಿ ಕಾದರೆ ಅಣುಗಳ ಶಿಸ್ತು ತಪ್ಪಿ ಕಪ್ಪಾಗಬಹುದು. ತಣ್ಣಗಾದಾಗ ಅದು ಮರಳಿ ಸರಿಯಾದರೂ ಅಂಟು, ಹಾಳೆಗಳಿಗಾದ ಹಾನಿ ಮರಳುವುದಿಲ್ಲ.

ಪ್ರಶ್ನೆ: ಮಿಲಿಟರಿ ದರ್ಜೆಯ ಗಟ್ಟಿತನ ಎಂಬ ಚೀಟಿ ನೋಡಿ ಕೊಂಡೆ. ಮೂರನೆಯ ತಿಂಗಳು ಮೇಜಿನಿಂದ ಬಿದ್ದು ಪರದೆ ಒಡೆಯಿತು. ವಾರಂಟಿ ಇಲ್ಲ ಎನ್ನುತ್ತಾರೆ. ಇದು ಮೋಸವಲ್ಲವೇ?
(ಭದ್ರಾವತಿಯ ಓದುಗರು)

ಉತ್ತರ: ಆ ಚೀಟಿ ಸೂಚಿಸುವುದು ಅಮೆರಿಕದ ರಕ್ಷಣಾ ಇಲಾಖೆಯ ಎಂಐಎಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ವಿಧಾನಗಳ ಸಂಗ್ರಹವನ್ನು, ಈಗಿನ ಎಚ್ ಆವೃತ್ತಿ 2019ರದು. ಕಂಪಿಸುವಿಕೆ, ಧೂಳು, ತೇವಾಂಶ, ಉಷ್ಣತೆ, ಬೀಳುವಿಕೆ ಹೀಗೆ ಅದರಲ್ಲಿ ಹಲವು ಪರೀಕ್ಷೆಗಳಿವೆ. ಯಾವ ಪರೀಕ್ಷೆಗಳನ್ನು, ಎಷ್ಟು ಕಠಿಣವಾಗಿ ಮಾಡಬೇಕೆಂದು ಆರಿಸಿಕೊಳ್ಳುವವರು ತಯಾರಕರೇ. ಕಂಪನಿಯ ಅಂತರ್ಜಾಲ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿರುವ ಪಟ್ಟಿಯಲ್ಲಿ ಬೀಳುವ ಪರೀಕ್ಷೆ ಇದೆಯೇ, ಯಂತ್ರ ಆಗ ತೆರೆದಿತ್ತೇ ಮುಚ್ಚಿತ್ತೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಅದು ವಾರಂಟಿಯ ಭರವಸೆ ಅಲ್ಲವೇ ಅಲ್ಲ.

ಬಿದ್ದು ಒಡೆದ ಪರದೆಯನ್ನು ಸಾಮಾನ್ಯ ವಾರಂಟಿ ಒಳಗೊಳ್ಳುವುದಿಲ್ಲ. ಅದಕ್ಕೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು, ಅದನ್ನೂ ಸಾಮಾನ್ಯವಾಗಿ ಖರೀದಿಯ ಆರಂಭದ ದಿನಗಳಲ್ಲೇ ಮಾಡಬೇಕು. ನನ್ನ ಅಭಿಪ್ರಾಯದಲ್ಲಿ ಒಎಲ್‌ಇಡಿ ಅಥವಾ ಸ್ಪರ್ಶ ಪರದೆಯ ಯಂತ್ರ ಕೊಳ್ಳುವವರು ಇದನ್ನು ಬಿಡಬಾರದು, ಏಕೆಂದರೆ ಅಲ್ಲಿ ಮುಂದಿನ ಗಾಜು ಮತ್ತು ಪ್ಯಾನೆಲ್ ಒಂದಕ್ಕೊಂದು ಅಂಟಿಕೊಂಡಿದ್ದು, ಗಾಜಿಗೆ ಬಿರುಕು ಬಿಟ್ಟರೂ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಸಾದಾ ಐಪಿಎಸ್ ಪ್ಯಾನೆಲ್ ಶಿವಮೊಗ್ಗದ ದುರಸ್ತಿ ಅಂಗಡಿಯಲ್ಲೇ ಸಿಗುತ್ತದೆ, ಅದರ ಖರ್ಚನ್ನು ಹೇಗೋ ತಡೆದುಕೊಳ್ಳಬಹುದು.

ಮಾರುವಾಗ, ಬಿದ್ದರೂ ಒಡೆಯುವುದಿಲ್ಲ ಎಂದು ಬರಹದಲ್ಲಿ ಅಥವಾ ಜಾಹೀರಾತಿನಲ್ಲಿ ಹೇಳಿದ್ದಕ್ಕೆ ಪುರಾವೆ ಇದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಬರೀ ಚೀಟಿಯನ್ನು ನಂಬಿ ಹೋದರೆ ನಿಮ್ಮ ವಾದ ದುರ್ಬಲವಾಗುತ್ತದೆ.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಚುಕ್ಕೆ ಇದೆ. ಬದಲಿಸಿ ಕೊಡುವುದಿಲ್ಲವಂತೆ.
(ಶಿಕಾರಿಪುರದ ಓದುಗರು)

ಉತ್ತರ: ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಚುಕ್ಕೆಗಳಿವೆ, ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಚುಕ್ಕೆಗಳು. ಐಎಸ್‌ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡ ಪರದೆಗಳನ್ನು ವರ್ಗಗಳಾಗಿ ವಿಂಗಡಿಸಿ, ಯಾವ ವರ್ಗದಲ್ಲಿ ಎಷ್ಟು ದೋಷ ಸಹ್ಯ ಎಂದು ಹೇಳುತ್ತದೆ. ಬಹುತೇಕ ಕಂಪನಿಗಳು ಒಂದೇ ಚುಕ್ಕೆಗೆ ಪ್ಯಾನೆಲ್ ಬದಲಿಸುವುದಿಲ್ಲ. ಅದು ರೋಗದಂತೆ ಹರಡುವುದೂ ಇಲ್ಲ, ಬಾಳಿಕೆಗೆ ಧಕ್ಕೆ ತರುವುದೂ ಇಲ್ಲ. ಒಎಲ್‌ಇಡಿಯ ಅಂಚಿನಲ್ಲಿದ್ದು ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ ಮಾತ್ರ ಸಂಗತಿ ಬೇರೆ. ಫೋಟೊ ತೆಗೆದಿಟ್ಟುಕೊಂಡು ವಾರಂಟಿ ಕೇಳಿ.

ಪ್ರಶ್ನೆ: ಎರಡನೆಯ ಕೈಯ ಲ್ಯಾಪ್‌ಟಾಪ್ ಕೊಳ್ಳುತ್ತಿದ್ದೇನೆ. ಪರದೆಯನ್ನು ಹೇಗೆ ಪರೀಕ್ಷಿಸಲಿ?
(ಸೊರಬದ ಓದುಗರು)

ಉತ್ತರ: ಬಿಳಿ, ಕಪ್ಪು, ನಡು ಬೂದು ಈ ಮೂರು ಬಣ್ಣಗಳ ಖಾಲಿ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಪರದೆ ತುಂಬ ತೆರೆದು ನೋಡಿ. ಬಿಳಿಯಲ್ಲಿ ಹಳದಿ ಛಾಯೆ, ಒತ್ತಡದ ಬಿಳಿ ಮಚ್ಚೆಗಳು, ಬೂಸು ಕಾಣುತ್ತವೆ. ಕಪ್ಪನ್ನು ಕತ್ತಲಲ್ಲಿ ನೋಡಬೇಕು. ಎಲ್‌ಸಿಡಿಯ ಅಂಚಿನಲ್ಲಿ ತುಸು ಬೆಳಕು ಸೋರುವುದು ಸಹಜ, ಒಂದೇ ಮೂಲೆಯಲ್ಲಿ ಎದ್ದು ಕಾಣುವಷ್ಟು ಸೋರಿದರೆ ಚೌಕಟ್ಟು ತಿರುಚಿರುವ ಅನುಮಾನ ಇಟ್ಟುಕೊಳ್ಳಿ. ಒಎಲ್‌ಇಡಿಯಾದರೆ ಬೂದು ಬಣ್ಣದ ಮೇಲೆ ಕೆಳ ಅಂಚನ್ನು ಗಮನಿಸಿ, ಟಾಸ್ಕ್‌ಬಾರಿನ ನೆರಳು ಅಚ್ಚಾಗಿದ್ದರೆ ಅಲ್ಲಿ ಕಾಣುತ್ತದೆ. ನಂತರ ಬಿಳಿ ಚಿತ್ರ ಇಟ್ಟುಕೊಂಡೇ ಮುಚ್ಚಳವನ್ನು ನಿಧಾನವಾಗಿ ಪೂರ್ತಿ ಹಿಂದಕ್ಕೂ ಮುಂದಕ್ಕೂ ಆಡಿಸಿ. ಯಾವುದೋ ಒಂದು ಕೋನದಲ್ಲಿ ಗೆರೆ ಬಂದರೆ ಅಥವಾ ಮಿಣುಕಿದರೆ ಕೇಬಲ್ ಸವೆದಿದೆ. ಪರದೆ ಆರಿಸಿ ಓರೆ ಬೆಳಕಿನಲ್ಲಿ ನೋಡಿದಾಗ ಕೀಬೋರ್ಡ್ ಗುಂಡಿಗಳ ಚೌಕಗಳು ಗಾಜಿನ ಮೇಲೆ ಕಾಣುತ್ತವೆಯೇ ಎಂದೂ ಗಮನಿಸಿ. ಬಟ್ಟೆಯಿಂದ ಒರೆಸಿದರೂ ಹೋಗದಿದ್ದರೆ ಅದು ತುಂಬಿದ ಚೀಲದಲ್ಲಿ ಒತ್ತಿಸಿಕೊಂಡು ಓಡಾಡಿದ ಯಂತ್ರ.

ಪ್ರಶ್ನೆ: ಪರದೆ ಒರೆಸಲು ಗಾಜು ತೊಳೆಯುವ ದ್ರಾವಣ ಆಗಬಹುದೇ? ಕ್ಯಾಮರಾಗೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಬಹುದೇ?
(ಶಿವಮೊಗ್ಗ ವಿನೋಬನಗರದ ಓದುಗರು)

ಉತ್ತರ: ಅಮೋನಿಯಾ ಇರುವ ದ್ರಾವಣ ಬೇಡ, ಪರದೆಯ ಮೇಲಿನ ಲೇಪ ಕಿತ್ತುಬರುತ್ತದೆ. ಮೈಕ್ರೊಫೈಬರ್ ಬಟ್ಟೆಯನ್ನು ಶುದ್ಧ ನೀರಿನಲ್ಲಿ ತುಸು ಒದ್ದೆ ಮಾಡಿ, ಹಿಂಡಿ, ಆರಿಸಿದ ಪರದೆಯ ಮೇಲೆ ಹಗುರಾಗಿ ಎಳೆಯಿರಿ. ನೀರನ್ನು ನೇರವಾಗಿ ಪರದೆಗೆ ಚಿಮುಕಿಸಿದರೆ ಅದು ಕೆಳ ಅಂಚಿಗೆ ಇಳಿದು, ಅಲ್ಲಿರುವ ವಿದ್ಯುತ್ ಮಂಡಲವನ್ನು ಸೇರುತ್ತದೆ. ಕ್ಯಾಮರಾ ಮುಚ್ಚಳದ ಬಗ್ಗೆ ಆಪಲ್ ಸಂಸ್ಥೆಯೇ 2020ರಲ್ಲಿ ತನ್ನ ಗ್ರಾಹಕರನ್ನು ಎಚ್ಚರಿಸಿತ್ತು: ಈಗಿನ ಯಂತ್ರಗಳಲ್ಲಿ ಪರದೆಗೂ ಕೀಬೋರ್ಡಿಗೂ ನಡುವಿನ ಅಂತರ ಬಹಳ ಕಡಿಮೆಯಾದ್ದರಿಂದ, ದಪ್ಪ ಮುಚ್ಚಳ ಅಂಟಿಸಿ ಲ್ಯಾಪ್‌ಟಾಪ್ ಮುಚ್ಚಿದರೆ ಪರದೆಗೆ ಹಾನಿಯಾಗಬಹುದು. ಮರೆ ಬೇಕೇ ಬೇಕೆಂದರೆ ಕಾಗದದ ಸಣ್ಣ ತುಂಡನ್ನು ಅಂಟಿಸಿಕೊಳ್ಳಿ, ಇಲ್ಲವೇ ಕ್ಯಾಮರಾಗೆ ಒಳಗೇ ಜಾರುವ ಕದವಿರುವ ಮಾದರಿಯನ್ನು ಕೊಳ್ಳಿ.